ನಕಲಿಯೆಂದು ತಿಳಿದ ಮರುದಿನ



ಮೋಸಹೋದ ಸಂಗತಿಯನ್ನು ನಾಲ್ವರ ಮುಂದೆ ಹೇಳಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಕಳೆದುಹೋದ ಹಣಕ್ಕಿಂತ, 'ಇಷ್ಟು ಓದಿದವರು, ಇಷ್ಟು ವರ್ಷ ಪರದೇಶದಲ್ಲಿ ಇದ್ದವರು, ಇದೂ ತಿಳಿಯಲಿಲ್ಲವೇ' ಎಂದು ಕೇಳಿಸಿಕೊಳ್ಳುವ ಸಂಕೋಚವೇ ದೊಡ್ಡದು. ನಾವೂ ಕೆಲವು ತಿಂಗಳು ಆ ಸಂಕೋಚದಲ್ಲಿಯೇ ಸುಮ್ಮನಿದ್ದೆವು. ಆದರೆ ಕೂಟದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಒಂದೊಂದೇ ಮನೆಯವರು ಇದೇ ಬಗೆಯ ಕಥೆಯನ್ನು ತಗ್ಗಿದ ದನಿಯಲ್ಲಿ ಹೇಳತೊಡಗಿದ ಮೇಲೆ, ಇದನ್ನು ಬಹಿರಂಗವಾಗಿ ಬರೆಯುವುದೇ ಸರಿಯೆನಿಸಿತು.

ವಿಷಯ ಚಿಕ್ಕದು. ಸ್ನೇಹಿತರೊಬ್ಬರು ಕುವೈತಿನ ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಮರಳುವಾಗ, ಇಲ್ಲಿನ ವಾಡಿಕೆಯಂತೆ ಮನೆಯ ಸಾಮಾನುಗಳನ್ನು ಪರಿಚಿತರಿಗೆ ಹಂಚಿದರು. ನಮ್ಮ ಪಾಲಿಗೆ ಒಂದು ಇಸ್ತ್ರಿಪೆಟ್ಟಿಗೆ, ಎರಡು ಕುರ್ಚಿ, ಜೊತೆಗೆ ಅವರ ಮಗ ಬಳಸುತ್ತಿದ್ದ ಹಳೆಯ ಗೇಮ್‌ಬಾಯ್ ಅಡ್ವಾನ್ಸ್ ಬಂದವು. ಅಂಗೈಯಲ್ಲಿ ಹಿಡಿದು ಆಡುವ ಈ ಯಂತ್ರವನ್ನು ಜಪಾನಿನ ನಿಂಟೆಂಡೊ ಸಂಸ್ಥೆ 2001ರಲ್ಲಿ ಬಿಡುಗಡೆ ಮಾಡಿತ್ತು. ಹತ್ತು ವರ್ಷದ ನಮ್ಮ ಮಗನಿಗೆ ಅದು ಹೊಸ ಲೋಕ. ಅದರಲ್ಲಿ ಆಡಲು 'ಪೊಕೆಮಾನ್ ಎಮರಾಲ್ಡ್' ಬೇಕೆಂದು ಹಟ ಹಿಡಿದ. ಅಂತರ್ಜಾಲದ ಒಂದು ಮಾರಾಟ ತಾಣದಲ್ಲಿ ಹುಡುಕಿದೆವು. ಒಬ್ಬ ಮಾರಾಟಗಾರ 'ಹೊಚ್ಚ ಹೊಸದು, ಅಸಲಿ' ಎಂದು ಬರೆದು 9 ದಿನಾರಿಗೆ ಕೊಡುತ್ತಿದ್ದ. ಊರಿನ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ ದಾಟುವ ಮೊತ್ತ. ಅಗ್ಗವೆಂದು ಅನುಮಾನ ಬರುವಷ್ಟು ಕಡಿಮೆಯೂ ಅಲ್ಲ, ಯೋಚಿಸಿ ಹಿಂಜರಿಯುವಷ್ಟು ಹೆಚ್ಚೂ ಅಲ್ಲ. ಮೇ ತಿಂಗಳಲ್ಲಿ ತರಿಸಿಕೊಟ್ಟೆವು.

ಹೊರಗೆ ಕಾಲಿಡಲಾಗದ ಬಿಸಿಲು. ಮಗ ದಿನಕ್ಕೊಂದು ಗಂಟೆ, ನಮ್ಮ ಕಟ್ಟುಪಾಡಿನೊಳಗೇ, ಆರು ವಾರ ಆಡಿದ. ಆ ಆಟದಲ್ಲಿ ಎಂಟು ಬ್ಯಾಡ್ಜ್‌ಗಳನ್ನು ಗೆಲ್ಲಬೇಕು. ಅವನು ಆರು ಗೆದ್ದಿದ್ದ. ಜುಲೈಯಲ್ಲಿ ರಜೆಗೆ ಉಡುಪಿ ಕಡೆಯ ನಮ್ಮ ಊರಿಗೆ ಹೋಗುವ ಮೊದಲೇ ಅತ್ತೆಯ ಮಗನಿಗೆ ಫೋನಿನಲ್ಲಿ ಎಲ್ಲವನ್ನೂ ವರ್ಣಿಸಿದ್ದ. ಅಜ್ಜಿಯ ಮನೆಯ ಚಾವಡಿಯಲ್ಲಿ, ಹೊರಗೆ ಮಳೆ ಸುರಿಯುತ್ತಿರಲು, ನಾಲ್ಕು ಮಕ್ಕಳು ಸುತ್ತ ಕುಳಿತರು. ಮಗ ಯಂತ್ರವನ್ನು ಚಾಲೂ ಮಾಡಿದ. ಪರದೆಯ ಮೇಲೆ ಹೊಸದಾಗಿ ಆಟ ಆರಂಭಿಸುವ ಆಯ್ಕೆಯೊಂದೇ ಇತ್ತು. ಆರು ವಾರದ ಆಟ ಪೂರ್ತಿ ಅಳಿಸಿಹೋಗಿತ್ತು.

"ಬುರುಡೆ ಬಿಟ್ಟದ್ದಾ ನೀನು?" ಎಂದು ಅತ್ತೆಯ ಮಗ ನಕ್ಕ. ಉಳಿದವರೂ ನಕ್ಕರು. ನಮ್ಮ ಹುಡುಗ ಮಾತಾಡದೆ ಎದ್ದು ಅಟ್ಟದ ಮೇಲೆ ಹೋಗಿ ಕುಳಿತ. ಮಕ್ಕಳ ಜಗಳ ಸಂಜೆಯೊಳಗೆ ಮುಗಿಯಿತು, ನಿಜ. ಆದರೆ ನಿಜವನ್ನೇ ಹೇಳಿದ ಹುಡುಗನೊಬ್ಬ, ಅವನ ಕೈಯಲ್ಲಿದ್ದ ವಸ್ತು ಸುಳ್ಳಾದ ಕಾರಣಕ್ಕೆ, ತನ್ನವರ ಮುಂದೆ ಸುಳ್ಳನಾದ. ಈ ಲೆಕ್ಕ 9 ದಿನಾರಿನಲ್ಲಿ ಸೇರುವುದಿಲ್ಲ.

ಕುವೈತಿಗೆ ಮರಳಿದ ಮೇಲೆ ಕಾರ್ಟ್ರಿಡ್ಜನ್ನು ದೀಪದ ಕೆಳಗಿಟ್ಟು ನೋಡಿದೆವು. ಇಂಥ ವಿಷಯ ಬಲ್ಲ ಕಿರಿಯ ಗೆಳೆಯರೊಬ್ಬರು ತಮ್ಮ ಬಳಿಯಿದ್ದ ಅಸಲಿ ಕಾರ್ಟ್ರಿಡ್ಜ್ ತಂದು ಪಕ್ಕದಲ್ಲಿಟ್ಟರು. ಅಸಲಿಯ ಮುಂಭಾಗದ ಚೀಟಿಯ ಮೇಲೆ ಒಂದು ಸಣ್ಣ ಸಂಖ್ಯೆ ಒತ್ತಿದ ಗುರುತಾಗಿ ಮೂಡಿತ್ತು. ಓರೆಯಾಗಿ ಹಿಡಿದರೆ ಕಾಣುವಂಥದು. ನಮ್ಮದರಲ್ಲಿ ಅದಿರಲಿಲ್ಲ. ಅಸಲಿಯ ಕೆಳಗಿನ ಬಾಯಿಯಲ್ಲಿ, ಚಿನ್ನದ ಬಣ್ಣದ ಸಂಪರ್ಕಪಟ್ಟಿಗಳ ಮೇಲೆ, ಸರ್ಕ್ಯೂಟ್ ಹಲಗೆಯ ಮೇಲೆಯೇ ತಯಾರಕರ ಹೆಸರು ಅಚ್ಚಾಗಿತ್ತು. ನಮ್ಮದರ ಹಲಗೆ ಬರಿದಾಗಿತ್ತು. ಚೀಟಿಯ ಅಕ್ಷರಗಳು ಒಂದಿಷ್ಟು ಮಸುಕು, ಪ್ಲಾಸ್ಟಿಕ್ಕಿನ ಹಸಿರು ಒಂದಿಷ್ಟು ಗಾಢ. ಅಸಲಿಯನ್ನು ಪಕ್ಕದಲ್ಲಿಡದಿದ್ದರೆ ಈ ವ್ಯತ್ಯಾಸ ನಮಗೆ ಎಂದೂ ಹೊಳೆಯುತ್ತಿರಲಿಲ್ಲ.

ಆಟ ಅಳಿಸಿಹೋದ ಕಾರಣವನ್ನೂ ಅವರೇ ವಿವರಿಸಿದರು. ಅಸಲಿ ಎಮರಾಲ್ಡ್‌ನಲ್ಲಿ ಒಂದು ಸಣ್ಣ ಬ್ಯಾಟರಿ ಇದೆ; ಅದು ಆಟದೊಳಗಿನ ಗಡಿಯಾರಕ್ಕೆ ಮಾತ್ರ. ಅದು ಬರಿದಾದರೆ ಹೊತ್ತಿಗೆ ಸಂಬಂಧಿಸಿದ ಕೆಲವು ಸಂಗತಿಗಳು ನಿಲ್ಲುತ್ತವೆಯೇ ಹೊರತು ಆಡಿದ ಆಟ ಉಳಿಯುತ್ತದೆ. ಏಕೆಂದರೆ ಅದನ್ನು ಕಾಪಿಡುವ ಸ್ಮೃತಿಗೆ ವಿದ್ಯುತ್ತಿನ ಹಂಗಿಲ್ಲ. ಅನೇಕ ನಕಲಿಗಳಲ್ಲಿ ಖರ್ಚು ಉಳಿಸಲು ಅಗ್ಗದ ಸ್ಮೃತಿಯನ್ನು ಹಾಕಿ, ಅದನ್ನು ಬ್ಯಾಟರಿಯ ಬಲದಿಂದಲೇ ನಿಲ್ಲಿಸಿರುತ್ತಾರೆ. ಬ್ಯಾಟರಿ ಸೋತ ದಿನ ಎಲ್ಲವೂ ಹೋಗುತ್ತದೆ. ಅಂದರೆ ನಕಲಿಯ ದೋಷ ಕೊಂಡ ದಿನ ಕಾಣಿಸುವುದಿಲ್ಲ. ಮಾರಾಟಗಾರನ ಬಗ್ಗೆ ಒಳ್ಳೆಯ ಮಾತು ಬರೆದು, ಹಿಂದಿರುಗಿಸುವ ಅವಧಿ ಕಳೆದು, ರಸೀದಿಯನ್ನು ಮರೆತ ಮೇಲೆ ಅದು ಹೊರಬರುತ್ತದೆ. ನಮಗೂ ಹಾಗೆಯೇ ಆಯಿತು. ನಾವು ಹುಡುಕುವ ಹೊತ್ತಿಗೆ ಮಾರಾಟಗಾರನ ಖಾತೆಯೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೆ ಸರಿಯಾಗಿಯೇ ಒಪ್ಪಿತು.

ನಾವು ಎಡವಿದ್ದು ಎಲ್ಲಿ? 'ಹೊಚ್ಚ ಹೊಸದು' ಎಂಬ ಎರಡು ಪದಗಳಲ್ಲಿ. ಎಮರಾಲ್ಡ್ ಜಪಾನಿನಲ್ಲಿ ಬಿಡುಗಡೆಯಾದದ್ದು 2004ರಲ್ಲಿ. ಆ ಕಾರ್ಟ್ರಿಡ್ಜ್‌ಗಳ ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ. ಅಂಥ ವಸ್ತು ರಾಶಿ ರಾಶಿಯಾಗಿ ಹೊಸದಾಗಿ, ಒಂದೇ ಬೆಲೆಗೆ ಸಿಗುವುದು ಹೇಗೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆದರೆ ಬೇಡಿಕೆಯೂ ಸುಳ್ಳಲ್ಲ. ಹಳೆಯ ಆಟಗಳನ್ನು ನೇರ ದಾರಿಯಲ್ಲಿ ಕೊಳ್ಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲಿಲ್ಲ. ಅದೇ ವರ್ಷ ಮಾರ್ಚಿಯಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಅಸಲಿ ಅಂಗಡಿ ಬಾಗಿಲು ಹಾಕಿದ ಬೀದಿಯಲ್ಲಿ ನಕಲಿಯವನು ಗೂಡಂಗಡಿ ತೆರೆಯುತ್ತಾನೆ. ಕಂಪನಿಗಳೂ ಈ ಮಾತನ್ನು ಕೇಳಿಸಿಕೊಳ್ಳಬೇಕು.

ನಮ್ಮ ಪೀಳಿಗೆಯವರು ಈ ವಿಷಯದಲ್ಲಿ ಸಾಧುಗಳಂತೆ ಮಾತಾಡುವುದು ಪ್ರಾಮಾಣಿಕವಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇವೆ. 1990ರ ದಶಕದಲ್ಲಿ ನಮ್ಮೂರುಗಳಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ 'ವಿಡಿಯೊ ಗೇಮ್' ಬಹುಪಾಲು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು. 'ಒಂದರಲ್ಲಿ ಸಾವಿರಾರು ಆಟ' ಎಂದು ಬರೆದ ಹಳದಿ ಕಾರ್ಟ್ರಿಡ್ಜ್, ಅದರಲ್ಲಿ ನಿಜವಾಗಿ ಇರುತ್ತಿದ್ದ ಹತ್ತಿಪ್ಪತ್ತು ಆಟ, ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದ ಮಾರಿಯೊ, ಕಾಂಟ್ರಾ! ಕೊಲ್ಲಿಯಲ್ಲಿ ಬೆಳೆದವರಿಗೆ 'ಮೈಕ್ರೊ ಜೀನಿಯಸ್' ನೆನಪಿರಬಹುದು. ಅದೂ ಇದೇ ಕುಲದ್ದು. ಮುಂದೆ ಕಂಪ್ಯೂಟರ್ ಬಂದಾಗ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಮಾರ್ಕರ್ ಪೆನ್ನಿನಿಂದ ಹೆಸರು ಬರೆದ ಸಿ.ಡಿ.ಗಳನ್ನು ಚೌಕಾಶಿ ಮಾಡಿ ತಂದವರಲ್ಲಿ ನಾವೂ ಇದ್ದೇವೆ. ಆಗ ಅಸಲಿ ಎಂಬುದೊಂದು ಇದೆಯೆಂದೇ ನಮ್ಮಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೂ ಅದರ ಬೆಲೆ ಎಟುಕುತ್ತಿರಲಿಲ್ಲ.

ಹಾಗಾದರೆ ಆಗ ಒಪ್ಪಿತವಾಗಿದ್ದುದು ಈಗೇಕೆ ತಪ್ಪು? ನಮ್ಮ ಉತ್ತರ ಇಷ್ಟು: ನ್ಯಾಷನಲ್ ಮಾರ್ಕೆಟ್ಟಿನ ಅಂಗಡಿಯವನು ಅದು ಅಸಲಿಯೆಂದು ಆಣೆಯಿಟ್ಟಿರಲಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ಸತ್ಯ ತಿಳಿದಿತ್ತು. ತಪ್ಪು ಅಲ್ಲಿಯೂ ಇತ್ತು. ಆಟವನ್ನು ರೂಪಿಸಿದವರ ಕೂಲಿ ಅವರಿಗೆ ಸಲ್ಲಲಿಲ್ಲ. ಆದರೆ ಇಂದಿನ ಮಾರಾಟಗಾರ ಆ ತಪ್ಪಿಗೆ ಇನ್ನೊಂದನ್ನು ಸೇರಿಸಿದ್ದಾನೆ. ಅವನು ಅಸಲಿಯ ಬೆಲೆಯ ಹತ್ತಿರದ ಬೆಲೆ ಪಡೆದು, ಅಸಲಿಯ ಹೆಸರು ಹೇಳಿ, ಕೊಳ್ಳುವವನ ನಂಬಿಕೆಯನ್ನೇ ಕದಿಯುತ್ತಾನೆ.

ಈ ಬರಹದ ನಿಜವಾದ ಕಾರಣ ಇನ್ನು ಮುಂದಿನದು. ಸೆಪ್ಟೆಂಬರಿನಲ್ಲಿ ಕೂಟದ ಸಹೋದರಿಯೊಬ್ಬರು ಕೇಳಿದರು: "ಅಕ್ಕಾ, ನಿಮ್ಮ ಹುಡುಗ ಆಡಿ ಮುಗಿಸಿದ್ದರೆ ಆ ಗೇಮ್ ನಮ್ಮ ಮಗಳಿಗೆ ಕೊಡ್ತೀರಾ? ಸುಮ್ಮನೆ ಬೇಡ, ದುಡ್ಡು ಕೊಡ್ತೇವೆ." ಕಾರ್ಟ್ರಿಡ್ಜ್ ಕಪಾಟಿನಲ್ಲಿತ್ತು. ಬ್ಯಾಟರಿ ಬದಲಿಸಿದರೆ ಇನ್ನೂ ಕೆಲವು ತಿಂಗಳು ನಡೆಯುತ್ತದೆ. ಅವರು ಓರೆಗಣ್ಣಿನಿಂದ ಪರೀಕ್ಷಿಸುವವರಲ್ಲ. ನಾವು ಕೊಟ್ಟೆವೆಂದರೆ ನಂಬುವವರು. ಕಳೆದ 9 ದಿನಾರಿನಲ್ಲಿ ಐದಾದರೂ ಹಿಂದಿರುಗೀತು. ನಾವೇನು ನಕಲಿ ತಯಾರಿಸಿದವರೇ? ನಮಗೂ ಒಬ್ಬರು ಹೀಗೆಯೇ ಕೊಟ್ಟರಲ್ಲವೇ? ಒಂದು ರಾತ್ರಿ ಇಂಥ ಮಾತುಗಳು ನಮ್ಮಿಬ್ಬರ ನಡುವೆ ನಡೆದವು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಮಗ ಬಂದು ನಿಂತ. "ಅಪ್ಪಾ, ಅವಳದ್ದೂ ಅಳಿಸಿಹೋಗ್ತದಲ್ಲ?" ಎಂದ. ಅವನು ನೀತಿ ಹೇಳಲು ಬಂದವನಲ್ಲ. ಅಜ್ಜಿಯ ಮನೆಯ ಅಟ್ಟ ಅವನಿಗೆ ನೆನಪಿತ್ತು, ಅಷ್ಟೇ.

ಆ ರಾತ್ರಿಯ ಮೇಲೆ ನಮಗೆ ಒಂದು ವ್ಯತ್ಯಾಸ ಸ್ಪಷ್ಟವಾಯಿತು. ತಿಳಿಯದೆ ನಕಲಿ ಕೊಂಡವರು ತಪ್ಪಿತಸ್ಥರಲ್ಲ, ಮೋಸಹೋದವರು. ಆದರೆ ನಕಲಿಯೆಂದು ತಿಳಿದ ಮರುದಿನದಿಂದ ನಮ್ಮ ಸ್ಥಾನ ಬದಲಾಗುತ್ತದೆ. ಅಂದಿನಿಂದ ಅದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಾವು ಉತ್ತರದಾಯಿಗಳು. ನಮ್ಮ ದೇಶದ ಕಾನೂನು ಕೂಡ ಈ ಗೆರೆಯನ್ನು ಎಳೆದಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 63ಬಿ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ನಕಲಿ ಪ್ರತಿಯನ್ನು ತಿಳಿದೂ ಬಳಸುವುದನ್ನು ಅಪರಾಧವೆನ್ನುತ್ತದೆ. ಅದಕ್ಕೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸಜೆಯನ್ನೂ ಹೇಳುತ್ತದೆ. 'ತಿಳಿದೂ' ಎಂಬ ಆ ಒಂದು ಪದದಲ್ಲಿ ಇಡೀ ನ್ಯಾಯ ನಿಂತಿದೆ. ಕುವೈತಿನಲ್ಲಿಯೂ 2019ರ 75ನೆಯ ಕಾನೂನು ಕೃತಿಸ್ವಾಮ್ಯವನ್ನು ರಕ್ಷಿಸುತ್ತದೆ. ಅತಿಥಿಗಳಾಗಿ ಬದುಕುವ ನಾವು ಇಲ್ಲಿನ ಕಾನೂನನ್ನು ಊರಿನವರಿಗಿಂತ ಒಂದು ಹಿಡಿ ಹೆಚ್ಚು ಎಚ್ಚರದಿಂದ ಪಾಲಿಸಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ನಾವು ಕೇಳಿದ್ದೇವೆ.

ಮೊದಲನೆಯದು: 'ಅಷ್ಟು ದೊಡ್ಡ ಕಂಪನಿಗೆ ನಮ್ಮ 9 ದಿನಾರಿನಿಂದ ಏನು ನಷ್ಟ? ಹಳೆಯ ಅಸಲಿ ಕೊಂಡರೂ ಹಣ ಹಿಂದಿನ ಮಾಲೀಕನಿಗೆ ಹೋಗುತ್ತದೆಯೇ ಹೊರತು ಕಂಪನಿಗಲ್ಲ.' ಈ ಮಾತಿನಲ್ಲಿ ಸತ್ಯವಿದೆ. ಬಳಸಿದ ಅಸಲಿ ಕಾರ್ಟ್ರಿಡ್ಜ್ ಮಾರಾಟವಾದಾಗ ತಯಾರಕರಿಗೆ ಮತ್ತೆ ಬಿಡಿಗಾಸೂ ಸಿಗುವುದಿಲ್ಲ. ಆದರೆ ಆ ಪ್ರತಿಗೆ ಒಮ್ಮೆ ಬೆಲೆ ಸಂದಿರುತ್ತದೆ; ಅದು ಕೈಯಿಂದ ಕೈಗೆ ಹೋಗುವ ಪುಸ್ತಕದಂತೆ. ನಕಲಿಗೆ ಎಂದೂ ಬೆಲೆ ಸಂದಿಲ್ಲ. ಕನ್ನಡ ಚಿತ್ರವೊಂದು ತೆರೆಕಂಡ ವಾರವೇ ಅದರ ಕಳ್ಳಪ್ರತಿ ಫೋನುಗಳಲ್ಲಿ ಹರಿದಾಡಿದಾಗ ನಾವೆಲ್ಲ ನೊಂದುಕೊಳ್ಳುತ್ತೇವೆ. 'ಗೂಂಡಾ ಕಾಯ್ದೆ' ಎಂದೇ ಜನ ಕರೆಯುವ ಕರ್ನಾಟಕದ 1985ರ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಇಂದು ವಿಡಿಯೊ ಹಾಗೂ ಆಡಿಯೊ ಕಳ್ಳರೂ ಸೇರಿದ್ದಾರೆ. ನಮ್ಮ ಚಿತ್ರಗಳ ವಿಷಯದಲ್ಲಿ ಕಳ್ಳತನವೆನ್ನುವುದನ್ನು ಜಪಾನಿನವರ ಆಟದ ವಿಷಯದಲ್ಲಿ ಜಾಣತನವೆನ್ನಲು ಬರುವುದಿಲ್ಲ.

ಎರಡನೆಯದು: 'ಮಕ್ಕಳ ಆಟಿಕೆಗೆ ಇಷ್ಟು ದೊಡ್ಡ ಮಾತೇ?' ಮಕ್ಕಳ ವಿಷಯವಾದ್ದರಿಂದಲೇ ಬೇಕು. ಭಾಷೆ ಕಲಿಸಲು ತರಗತಿ ನಡೆಸುತ್ತೇವೆ, ಹಬ್ಬ ಕಲಿಸಲು ವೇದಿಕೆ ಕಟ್ಟುತ್ತೇವೆ. ಪ್ರಾಮಾಣಿಕತೆಗೆ ಅಂಥ ತರಗತಿ ಇಲ್ಲ. ಅಪ್ಪ ಅಮ್ಮ ರಾತ್ರಿ ಮೆಲ್ಲಗೆ ಮಾತಾಡಿಕೊಳ್ಳುವುದನ್ನು ಮಕ್ಕಳು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುವುದೇ ಆ ತರಗತಿ.

ಆದ್ದರಿಂದ ಸದಸ್ಯ ಕುಟುಂಬಗಳ ಮುಂದೆ ಕೆಲವು ಸಲಹೆಗಳನ್ನಿಡುತ್ತೇವೆ.

ಕೊಳ್ಳುವ ಮೊದಲು ಮಾರಾಟಗಾರನಿಂದ ವಸ್ತುವಿನ ಮುಂಭಾಗ, ಹಿಂಭಾಗ, ಕೆಳಗಿನ ಬಾಯಿ ಮೂರರ ಚಿತ್ರವನ್ನೂ ಕೇಳಬೇಕು. ಜಾಹೀರಾತಿನ ಚಿತ್ರ ಸಾಲದು. ಅವನ ಕೈಯಲ್ಲಿರುವ ವಸ್ತುವಿನ ಚಿತ್ರವೇ ಬೇಕು. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡುವುದು ಕ್ಷೇಮ. ಯಾವುದೇ ಒಂದು ಗುರುತನ್ನು ನೆಚ್ಚಿ ತೀರ್ಮಾನಿಸಬಾರದು, ನಕಲಿ ಮಾಡುವವರೂ ಕಲಿಯುತ್ತಿರುತ್ತಾರೆ. ತಯಾರಿಕೆ ನಿಂತ ವಸ್ತು 'ಹೊಸದು' ಎಂದು ಕಂಡರೆ ಅದೇ ಮೊದಲ ಎಚ್ಚರಿಕೆ. ಡಿಜಿಟಲ್ ಆಟವೆಂದು ಹೇಳಿ ಬೇರೊಬ್ಬರ ಖಾತೆಯ ಹೆಸರು, ಗುಪ್ತಪದಗಳನ್ನು ಮಾರುವವರಿಂದ ದೂರವಿರಬೇಕು. ಖಾತೆಯ ಒಡೆಯ ಗುಪ್ತಪದ ಬದಲಿಸಿದ ದಿನ ಆಟವೂ ಇಲ್ಲ, ಹಣವೂ ಇಲ್ಲ.

ಸಾಧ್ಯವಿದ್ದರೆ ಕಣ್ಣಿಂದ ನೋಡಿ ಕೊಳ್ಳಬಹುದು. ಹವಲ್ಲಿಯ ರೆಹಾಬ್ ಕಾಂಪ್ಲೆಕ್ಸ್ ವಿಡಿಯೊ ಗೇಮ್ ಅಂಗಡಿಗಳಿಗೆ ಹೆಸರಾದ ಸ್ಥಳ. ಅಂಗಡಿಯೆಂದ ಮಾತ್ರಕ್ಕೆ ಎಲ್ಲವೂ ಅಸಲಿಯೆಂದಲ್ಲ. ಆದರೆ ಅಲ್ಲಿ ಯಂತ್ರಕ್ಕೆ ಹಾಕಿ ನೋಡಬಹುದು, ರಸೀದಿ ಕೇಳಬಹುದು, ಮರುದಿನವೂ ಅಂಗಡಿ ಅಲ್ಲಿಯೇ ಇರುತ್ತದೆ. ರಸೀದಿಯನ್ನು ಮಾತ್ರ ಬಿಡಬಾರದು. ಕುವೈತಿನಲ್ಲಿ ಗ್ರಾಹಕರ ರಕ್ಷಣೆಗೆಂದೇ 2014ರ 39ನೆಯ ಕಾನೂನು ಇದೆ. ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯಕ್ಕೆ ದೂರು ಕೊಡಬಹುದು. ಕಾಗದವಿಲ್ಲದ ದೂರಿಗೆ ಬಲವಿಲ್ಲ. ಅಂತರ್ಜಾಲದಲ್ಲಿ ಕೊಂಡಾಗ ಜಾಹೀರಾತಿನ ಪುಟ, ಮಾರಾಟಗಾರನ ಮಾತುಕತೆ, ಹಣ ಕೊಟ್ಟ ದಾಖಲೆ ಈ ಮೂರನ್ನೂ ಅಂದೇ ಉಳಿಸಿಕೊಳ್ಳಬೇಕು. ವಸ್ತು ಬಂದ ವಾರದೊಳಗೇ ತಿಳಿದವರಿಗೆ ತೋರಿಸಬೇಕು; ಹಿಂದಿರುಗಿಸುವ ಅವಧಿ ಮುಗಿದ ಮೇಲೆ ತೋರಿಸಿ ಪ್ರಯೋಜನವಿಲ್ಲ.

ಕೂಟಕ್ಕೂ ಒಂದು ವಿನಂತಿ. ನಮ್ಮ ಸಮಾರಂಭಗಳಲ್ಲಿ ಹಳೆಯ ಶಾಲಾಪುಸ್ತಕಗಳ ವಿನಿಮಯಕ್ಕೆ ಮೇಜು ಹಾಕುವಂತೆ ಮಕ್ಕಳ ಆಟಗಳಿಗೂ ಒಂದು ಮೇಜು ಹಾಕೋಣ. ಈ ವಿದ್ಯೆ ಬಲ್ಲ ಹರೆಯದ ಹುಡುಗ ಹುಡುಗಿಯರು ನಮ್ಮಲ್ಲೇ ಇದ್ದಾರೆ. ಹಬ್ಬದ ದಿನ ಅವರಿಗೆ ಕುರ್ಚಿ ಜೋಡಿಸುವ ಕೆಲಸವನ್ನಷ್ಟೇ ಕೊಡದೆ, ಆ ಮೇಜಿನ ಜವಾಬ್ದಾರಿಯನ್ನೂ ಒಪ್ಪಿಸೋಣ. ಅಸಲಿ ಯಾವುದು, ನಕಲಿ ಯಾವುದು ಎಂದು ಅವರು ನೋಡಿ ಹೇಳಲಿ. ನಿಯಮ ಒಂದೇ ಇರಲಿ: ನಕಲಿಯೆಂದು ತಿಳಿದದ್ದು ಆ ಮೇಜಿನ ಮೇಲೆ ಬರಕೂಡದು, ಉಚಿತವಾಗಿಯೂ ಬರಕೂಡದು. ನಕಲಿ ತಂದವರನ್ನು ಯಾರೂ ನಗೆಯಾಡಕೂಡದು. ನಗೆಗೆ ಅಂಜಿಯೇ ನಾವು ಮುಚ್ಚಿಡುತ್ತೇವೆ, ಮುಚ್ಚಿಟ್ಟದ್ದೇ ಮುಂದಿನ ಮನೆಗೆ ದಾಟುತ್ತದೆ.

ಆ ಸಹೋದರಿಗೆ ನಾವು ನಿಜ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ವರ್ಷ ನಮ್ಮದೂ ಹೀಗೆ ಆಯ್ತು ಅಕ್ಕಾ, ಯಾರಿಗೂ ಹೇಳಲಿಲ್ಲ" ಎಂದರು. ಅವರು ವರ್ಷದ ಹಿಂದೆ ಹೇಳಿದ್ದರೆ ನಾವು ಮೇ ತಿಂಗಳಲ್ಲಿ ಕೊಳ್ಳುತ್ತಿರಲಿಲ್ಲ. ಅವರನ್ನು ದೂರಲು ನಮಗೆ ಮುಖವಿಲ್ಲ, ನಾವೂ ಹೇಳಿರಲಿಲ್ಲ.

ಕಾರ್ಟ್ರಿಡ್ಜಿನ ಮೇಲೆ ಮಗ ತಾನೇ ಒಂದು ಚೀಟಿ ಅಂಟಿಸಿ, ಕನ್ನಡ ತರಗತಿಯಲ್ಲಿ ಕಲಿತ ಅಕ್ಷರಗಳಲ್ಲಿ 'ನಕಲಿ' ಎಂದು ಬರೆದಿದ್ದಾನೆ. ಮುಂದಿನ ರಜೆಯಲ್ಲಿ ಅದನ್ನು ಊರಿಗೆ ಒಯ್ದು ಅತ್ತೆಯ ಮಗನಿಗೆ ತೋರಿಸುತ್ತಾನಂತೆ. ತಾನು ಅಂದು ಬುರುಡೆ ಬಿಟ್ಟಿರಲಿಲ್ಲ ಎಂಬುದಕ್ಕೆ ಅವನ ಬಳಿ ಇರುವ ಸಾಕ್ಷಿ ಅದೊಂದೇ.